ಕ್ಯಾಸೆಟ್ಟಿಗೆ ಶಾಲು ಸಿಕ್ಕಿತು, ವಿಮರ್ಶೆ ಸಿಗಲಿಲ್ಲ

ಹೊಸ ಕ್ಯಾಸೆಟ್ ಬಂತೆಂದರೆ ಕನ್ನಡದಲ್ಲಿ ಮೊದಲು ನಡೆಯುತ್ತಿದ್ದದ್ದು ಸಮಾರಂಭ. ವೇದಿಕೆಯ ಮೇಲೆ ಒಬ್ಬ ಕವಿ, ಒಬ್ಬ ಮಂತ್ರಿ ಅಥವಾ ಸ್ವಾಮೀಜಿ, ಒಬ್ಬ ಸಿನಿಮಾ ನಟ. ಬಣ್ಣದ ಕಾಗದ ಸುತ್ತಿದ ಕ್ಯಾಸೆಟ್ಟಿನ ಕಟ್ಟು. ದಾರ ಬಿಚ್ಚುವ ಹೊತ್ತಿಗೆ ಎಲ್ಲರ ಮುಖವೂ ಫೋಟೋದವನ ಕಡೆಗೆ. ಆಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ. ಶಾಲು ಹೊದ್ದುಕೊಂಡವರು ಹಾಡು ಚೆನ್ನಾಗಿಲ್ಲ ಅನ್ನುವುದು ಹೇಗೆ? ಮರುದಿನದ ಪತ್ರಿಕೆಯಲ್ಲಿ ಬರುತ್ತಿದ್ದದ್ದು ಭಾಷಣಗಳ ವರದಿ. ಕ್ಯಾಸೆಟ್ಟಿನೊಳಗೆ ಏನಿದೆ ಎಂಬುದಕ್ಕೆ ನಾಲ್ಕು ಸಾಲಿನ ಪರಿಚಯ ಸಿಕ್ಕರೆ ಪುಣ್ಯ. ಒಂದು ಕಥಾಸಂಕಲನವನ್ನು ಎರಡು ಪುಟ ಕೊಟ್ಟು ಜಾಲಾಡುತ್ತಿದ್ದ ನಮ್ಮ ಪತ್ರಿಕೆಗಳು, ಮನೆಮನೆಯಲ್ಲಿ ಟೇಪು ಸವೆಯುವ ತನಕ ಕೇಳುತ್ತಿದ್ದ ಕ್ಯಾಸೆಟ್ಟಿನ ಎದುರು ಮಾತ್ರ ಕೈಕಟ್ಟಿ ನಿಂತುಬಿಟ್ಟವು.

ಹೊರಗಿನ ಲೋಕದಲ್ಲಿ ಆ ಹೊತ್ತಿಗಾಗಲೇ ಬೇರೆಯೇ ರೂಢಿ ಬಿದ್ದಿತ್ತು. 1967ರ ಜೂನ್‌ನಲ್ಲಿ ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪ್ಪರ್' ಆಲ್ಬಮ್ ಬಂದಾಗ ಜಗತ್ತು ತಲೆಯ ಮೇಲೆ ಹೊತ್ತು ಕುಣಿಯಿತು. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ರಿಚರ್ಡ್ ಗೋಲ್ಡ್‌ಸ್ಟೀನ್ ಎಂಬ ಎಳೆಯ ವಿಮರ್ಶಕ ಮಾತ್ರ ಅದೆಲ್ಲ ಬರೀ ಸ್ಟುಡಿಯೊ ಅಲಂಕಾರ ಎಂದು ಬರೆದ. ಓದುಗರ ಸಿಟ್ಟಿನ ಪತ್ರಗಳು ಕಚೇರಿಗೆ ಹರಿದು ಬಂದವು. ಅದೇ ವರ್ಷದ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ 'ರೋಲಿಂಗ್ ಸ್ಟೋನ್' ಪತ್ರಿಕೆ ಹೊರಟಿತು. 1969ರಲ್ಲಿ ಅದು ಲೆಡ್ ಝೆಪಲಿನ್ ತಂಡದ ಮೊದಲ ಆಲ್ಬಮ್ಮನ್ನು ಹಿಗ್ಗಾಮುಗ್ಗಾ ಬೈಯಿತು. ಅದೇ ವರ್ಷ 'ವಿಲೇಜ್ ವಾಯ್ಸ್'ನಲ್ಲಿ ರಾಬರ್ಟ್ ಕ್ರಿಸ್ಟ್‌ಗೌ ಮೇಷ್ಟರು ಉತ್ತರ ಪತ್ರಿಕೆ ತಿದ್ದಿದ ಹಾಗೆ ಆಲ್ಬಮ್ಮುಗಳಿಗೆ ಎ, ಬಿ, ಸಿ ದರ್ಜೆ ಕೊಡಲು ಶುರುಮಾಡಿದ. ಇವರ ಎಷ್ಟೋ ತೀರ್ಪುಗಳು ಆಮೇಲೆ ಬಿದ್ದುಹೋದವು. ಝೆಪಲಿನ್ ವಿಷಯದಲ್ಲಂತೂ ನಗೆಪಾಟಲಾದವು. ಆದರೆ ತಪ್ಪು ತೀರ್ಪು ಕೊಡಬೇಕಾದರೂ ಮೊದಲು ಕೂತು ಕೇಳಬೇಕಲ್ಲ! ಗಿಟಾರು ಏನು ಮಾಡುತ್ತಿದೆ, ಡ್ರಮ್ಮು ಎಲ್ಲಿ ತಡೆದು ಎಲ್ಲಿ ಬಿಡುತ್ತದೆ ಎಂದು ಹೇಳುವ ಒಂದು ಭಾಷೆ ಆ ಜಗಳಗಳಲ್ಲೇ ಬೆಳೆಯಿತು.

ನಮ್ಮಲ್ಲಿ ಕ್ಯಾಸೆಟ್ಟಿನ ಕಥೆ ಶುರುವಾಗುವುದು 1978ಕ್ಕೆ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದು ಹೆಸರಾಗಿದೆ. ಅದಕ್ಕೂ ಮೊದಲು ಹಾಡುವವರು ಇರಲಿಲ್ಲವೆಂದಲ್ಲ. ಪಿ. ಕಾಳಿಂಗರಾಯರು ಸೋಹನ್ ಕುಮಾರಿ, ಮೋಹನ್ ಕುಮಾರಿಯರ ಜೊತೆ ನಾಡೆಲ್ಲ ತಿರುಗಿ ಕುವೆಂಪು, ಬೇಂದ್ರೆಯವರನ್ನು ಓದಲು ಬಾರದವರ ಬಾಯಿಗೂ ತಂದುಕೊಟ್ಟಿದ್ದರು. ಆದರೆ ಗ್ರಾಮಫೋನು ಉಳ್ಳವರ ಮನೆಯ ವಸ್ತು, ರೇಡಿಯೊ ಹಾಕಿದ್ದನ್ನು ಕೇಳಬೇಕು. ಕ್ಯಾಸೆಟ್ಟಿನಲ್ಲಿ ಮೊದಲ ಬಾರಿಗೆ ಕೇಳುಗನಿಗೆ ಆಯ್ಕೆ ಬಂತು. ಒಂದು ಸಂಜೆಗೆ ಹತ್ತು ಕವಿತೆ, ಒಂದೇ ದನಿ, ಒಂದೇ ಕಲ್ಪನೆಯ ಎಳೆ. ಇಂಗ್ಲಿಷಿನಲ್ಲಿ ಆಲ್ಬಮ್ ಅನ್ನುತ್ತಿದ್ದರಲ್ಲ, ಅದರ ಕನ್ನಡ ಅವತಾರ ಇದೇ. ಲಂಡನ್ನಿನ ಹುಡುಗರಿಗೆ ರಾಕ್ ಏನಾಗಿತ್ತೋ ಬೆಂಗಳೂರಿನ ಕನ್ನಡ ಮಧ್ಯಮ ವರ್ಗಕ್ಕೆ ಭಾವಗೀತೆ ಅದೇ ಆಗಿತ್ತು ಎಂದು ನಾನು ಹೇಳಿದರೆ ಎರಡೂ ಕಡೆಯವರು ಸಿಟ್ಟಾಗುತ್ತಾರೆ. ಆದರೂ ಹೇಳುತ್ತೇನೆ. ಒಬ್ಬೊಬ್ಬರ ಸ್ವಂತದ ಮಾತು ಮೈಕಿನಲ್ಲಿ ಬಂದು ಜನಜಂಗುಳಿಯ ಮಾತಾಗುವ ರೋಮಾಂಚನ ಎರಡರಲ್ಲೂ ಇತ್ತು.

ಆ ರೋಮಾಂಚನವನ್ನು ತುದಿಗೆ ಒಯ್ದವರು ಸಿ. ಅಶ್ವತ್ಥ್. ಹಗಲು ಐಟಿಐ ಕಾರ್ಖಾನೆಯ ನೌಕರಿ, ಉಳಿದ ಹೊತ್ತೆಲ್ಲ ಹಾರ್ಮೋನಿಯಂ. ಅವರೂ ಶಿವಮೊಗ್ಗ ಸುಬ್ಬಣ್ಣನವರೂ ಹಾಡಿದ ಶಿಶುನಾಳ ಷರೀಫರ ತತ್ವಪದಗಳು ಕ್ಯಾಸೆಟ್ಟಿನಲ್ಲಿ ಬಂದ ಮೇಲೆ ಷರೀಫಜ್ಜ ಬೆಂಗಳೂರಿನ ಎಲ್ಲ ಬಡಾವಣೆಗಳಿಗೂ ಬಂದ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಈ ಸಂತನ ಪದಗಳನ್ನು ಅಷ್ಟು ಕಾಲ ಉಳಿಸಿದ್ದು ಧಾರವಾಡ ಸೀಮೆಯ ಭಜನೆ ಮೇಳಗಳು, ಏಕತಾರಿ, ದಮ್ಮಡಿ, ತಾಳ. ಕ್ಯಾಸೆಟ್ಟಿನಲ್ಲಿ ಪಿಟೀಲು, ಕೊಳಲು, ತಬಲಾ ಬಂದವು. ಅಶ್ವತ್ಥ್ ಅವರ ಏರುದನಿ ಬಂತು. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ', ಜಿ.ಎಸ್. ಶಿವರುದ್ರಪ್ಪನವರ ಭಾವಗೀತೆಗಳು ಅದೇ ದಾರಿಯಲ್ಲಿ ಬಂದವು.

ಇವುಗಳ ಮೇಲೆ ಚರ್ಚೆ ನಡೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಜೋರಾಗಿಯೇ ನಡೆಯಿತು. ಆದರೆ ಎಲ್ಲಿ? ಕಾಲೇಜಿನ ಕನ್ನಡ ವಿಭಾಗಗಳಲ್ಲಿ, ಕವಿಗೋಷ್ಠಿ ಮುಗಿದ ಮೇಲಿನ ಕಾಫಿಯಲ್ಲಿ, ಸಂಗೀತ ಸಭೆಯ ಹಿಂದಿನ ಸಾಲಿನಲ್ಲಿ. ಪ್ರಶ್ನೆ ಯಾವಾಗಲೂ ಒಂದೇ: ರಾಗ ಕವಿತೆಯನ್ನು ಏನು ಮಾಡಿತು? ನವ್ಯರು ಕವಿತೆ ಓದುವುದಕ್ಕೆ, ಹಾಡುವುದಕ್ಕಲ್ಲ ಎಂದರು. ಶಾಸ್ತ್ರೀಯ ಸಂಗೀತದವರು ಇದರಲ್ಲಿ ರಾಗವೂ ಪೂರ್ತಿ ಇಲ್ಲ, ತಾಳಕ್ಕೂ ಶಿಸ್ತಿಲ್ಲ ಎಂದು ಮೂಗು ಮುರಿದರು. ಅಶ್ವತ್ಥ್ ಕವಿತೆಯನ್ನು ನುಂಗಿ ತಮ್ಮ ದನಿಯನ್ನೇ ಉಳಿಸುತ್ತಾರೆ ಎಂಬ ಆಕ್ಷೇಪ ಸುಗಮ ಸಂಗೀತದ ಒಳಗಿನಿಂದಲೇ ಕೇಳಿಬರುತ್ತಿತ್ತು. ಅನಂತಸ್ವಾಮಿಯವರದು ಮೆದು, ಅಶ್ವತ್ಥ್ ಅವರದು ಗಡಸು ಎಂದು ಅಭಿಮಾನಿಗಳು ಎರಡು ಪಕ್ಷವಾದರು. ಬರೆದಿಟ್ಟಿದ್ದರೆ ಇವೆಲ್ಲ ಒಳ್ಳೆಯ ವಿಮರ್ಶೆಗಳಾಗುತ್ತಿದ್ದವು. ಹೆಚ್ಚಿನವು ಬಾಯಿಮಾತಿನಲ್ಲೇ ಆವಿಯಾದವು.

ಆವಿಯಾಗದೆ ಉಳಿದದ್ದು ಒಂದು ಜಗಳ. ಅದು ಮುಗಿದದ್ದು ಕಾಗದದ ಮೇಲೆ, ಅದೂ ಸರ್ಕಾರಿ ಕಾಗದದ ಮೇಲೆ. ಕುವೆಂಪು ಅವರ ಕವಿತೆ 2004ರಲ್ಲಿ ನಾಡಗೀತೆಯಾಯಿತು. ಯಾವ ಧಾಟಿಯಲ್ಲಿ ಹಾಡಬೇಕು, ಅನಂತಸ್ವಾಮಿಯವರದೋ ಅಶ್ವತ್ಥ್ ಅವರದೋ ಎಂಬ ವಿವಾದ ವರ್ಷಗಟ್ಟಲೆ ಎಳೆಯಿತು. ಸಮಿತಿಗಳಾದವು. ಕೊನೆಗೆ ವಿದುಷಿ ಲೀಲಾವತಿಯವರ ನೇತೃತ್ವದ ಸಮಿತಿಯ ಶಿಫಾರಸಿನಂತೆ 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಆದೇಶ ಹೊರಡಿಸಿತು: ಅನಂತಸ್ವಾಮಿಯವರ ಧಾಟಿ, ಪೂರ್ಣ ಪಾಠ, ಆಲಾಪ ಪುನರಾವರ್ತನೆ ಇಲ್ಲದೆ 2 ನಿಮಿಷ 30 ಸೆಕೆಂಡು. ಅಶ್ವತ್ಥ್ ಅವರ ಧಾಟಿಯ ಪರವಾಗಿ ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಹೈಕೋರ್ಟಿಗೆ ಹೋದರು. 2024ರಲ್ಲಿ ಅರ್ಜಿ ವಜಾ ಆಯಿತು. ಒಂದು ರಾಗಸಂಯೋಜನೆಯ ಕುರಿತು ಕನ್ನಡದಲ್ಲಿ ಇಷ್ಟು ಗಂಭೀರವಾಗಿ, ಇಷ್ಟು ದೀರ್ಘವಾಗಿ ಇನ್ನೊಂದು ತೀರ್ಪು ಬಂದದ್ದು ನನಗೆ ನೆನಪಾಗುವುದಿಲ್ಲ. ಅನಂತಸ್ವಾಮಿ 1995ರಲ್ಲಿ, ಅಶ್ವತ್ಥ್ 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ, ತೀರಿಕೊಂಡಿದ್ದರು.

ಇದು ಸಾಹಿತ್ಯದ ಕಡೆಯ ಕಥೆ. ಬೀದಿಯ ಕಡೆಯ ಕಥೆ ಬೇರೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಪಶ್ಚಿಮಕ್ಕೆ ಹೋದರೆ ಸುಂಕದಕಟ್ಟೆ, ಹೇರೋಹಳ್ಳಿ, ಶ್ರೀಗಂಧದ ಕಾವಲು. ಎಂಬತ್ತರ ದಶಕದಲ್ಲಿ ಇವೆಲ್ಲ ಊರಾಚೆ. ಪೀಣ್ಯದ ಕಾರ್ಖಾನೆಗಳಿಗೆ ಸೈಕಲ್ಲು ತುಳಿಯುವವರು ಸೈಟು ಹಿಡಿದು ಶೀಟಿನ ಮನೆ ಕಟ್ಟುತ್ತಿದ್ದ ಕಾಲ. ಅತ್ತ ಜ್ಞಾನಭಾರತಿಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಕೇಂದ್ರವನ್ನು ಕಟ್ಟಿದ ಶಿವರುದ್ರಪ್ಪನವರು. ಇತ್ತ ರಾಜಾಜಿನಗರ, ವಿಜಯನಗರದ ಅಂಗಡಿಗಳಲ್ಲಿ ಖಾಲಿ ಕ್ಯಾಸೆಟ್ಟಿಗೆ ನಾವು ಬರೆದುಕೊಟ್ಟ ಪಟ್ಟಿಯ ಹಾಡು ತುಂಬಿಸಿಕೊಡುವ ಹುಡುಗರು. ಪಟ್ಟಿ ನೋಡಿ "ಇದು ಬೇಡ ಸಾರ್, ಆ ಕ್ಯಾಸೆಟ್‌ನಲ್ಲಿ ಬಿ ಸೈಡಿನ ಎರಡನೇದು ಹಾಕಿಸ್ಕೊಳಿ" ಅನ್ನುವಂಥವರು. ಬೆಂಗಳೂರಿನಲ್ಲಿ ಆಲ್ಬಮ್ ವಿಮರ್ಶೆ ಅನ್ನುವುದು ಎಲ್ಲಾದರೂ ಇದ್ದರೆ ಆ ಕೌಂಟರಿನ ಹಿಂದೆ ಇತ್ತು. ಅವರಿಗೆ ಸಾಹಿತ್ಯ ಶುದ್ಧಿಯ ತಲೆಬಿಸಿ ಇರಲಿಲ್ಲ. ಯಾವ ಹಾಡನ್ನು ಜನ ಮತ್ತೆ ಕೇಳಿಕೊಂಡು ಬರುತ್ತಾರೆ ಎಂಬುದಷ್ಟೇ ಗೊತ್ತಿತ್ತು.

1987ರಲ್ಲಿ ಆ ಕೌಂಟರುಗಳಿಗೆ 'ಪ್ರೇಮಲೋಕ' ಬಂತು. ರವಿಚಂದ್ರನ್ ಸಿನಿಮಾ, ಹಂಸಲೇಖ ಅವರದೇ ಸಾಹಿತ್ಯ ಮತ್ತು ಸಂಗೀತ, ಲಹರಿ ಸಂಸ್ಥೆಯ ಕ್ಯಾಸೆಟ್. ಹಾಲಿವುಡ್ಡಿನ 'ಗ್ರೀಸ್ 2' ಚಿತ್ರದ ನೆರಳು ಕಥೆಯ ಮೇಲಿತ್ತು. ಹಾಡುಗಳಲ್ಲಿ ಬೈಕಿನ ವೇಗವೂ ಇತ್ತು, ಕಾಲೇಜು ಕ್ಯಾಂಟೀನಿನ ಗಲಾಟೆಯೂ ಇತ್ತು. ಮಾತೇ ಹಾಡಾಗಿ, ಹಾಡು ಮತ್ತೆ ಮಾತಾಗಿ ಹೊರಳುವ ಕಟ್ಟು ಅದು. ಎಸ್.ಪಿ. ಬಾಲಸುಬ್ರಹ್ಮಣ್ಯಂ, ಯೇಸುದಾಸ್, ಎಸ್. ಜಾನಕಿ ಹಾಡಿದ್ದರೂ ಅವುಗಳ ನಿಜವಾದ ಹೊಸತನ ಹಿಂದೆ ಇತ್ತು. ಸಿಂಥಸೈಜರಿನ ದಪ್ಪ ಕೆಳದನಿ, ಯಂತ್ರದ ಹಾಗೆ ಕಟ್ಟುನಿಟ್ಟಾದ ಡ್ರಮ್ಮು, ಪಲ್ಲವಿ ಶುರುವಾಗುವ ಮುನ್ನ ಒಂದು ಗಳಿಗೆ ಎಲ್ಲವನ್ನೂ ನಿಲ್ಲಿಸಿಬಿಡುವ ಧೈರ್ಯ. ಪಾಪ್ ಅನ್ನುವುದು ಕನ್ನಡದಲ್ಲಿ ಹುಟ್ಟಿದ್ದು ಅಲ್ಲೇ ಎಂಬುದು ನನ್ನ ವಾದ. ಅದು ಸಿನಿಮಾದ ಹೊಟ್ಟೆಯೊಳಗೆ ಹುಟ್ಟಿತು ಅನ್ನುವುದು ಬೇರೆ ಮಾತು.

ಹಳಬರ ಕಿವಿ ಮತ್ತೆ ಪದಗಳಿಗೇ ಹೋಯಿತು. ಚಿ. ಉದಯಶಂಕರ್ ಅವರ ತಿಳಿಗನ್ನಡ, ರಾಜನ್-ನಾಗೇಂದ್ರ ಅವರ ಮಾಧುರ್ಯ ಕೇಳಿ ಬೆಳೆದವರಿಗೆ ಹಂಸಲೇಖರ ಪ್ರಾಸದ ಆಟ, ಬೀದಿಮಾತು, ಇಂಗ್ಲಿಷ್ ಬೆರಕೆ, ಕೆಲವೊಮ್ಮೆಯ ಪೋಲಿತನ ಹಿಡಿಸಲಿಲ್ಲ. ಆ ಆಕ್ಷೇಪದಲ್ಲಿ ಹುರುಳಿರಲಿಲ್ಲ ಎನ್ನಲಾರೆ. ಪ್ರಾಸಕ್ಕಾಗಿ ಅರ್ಥವನ್ನು ಮಾರಿದ ಸಾಲುಗಳು ಅವರಲ್ಲಿ ಬೇಕಾದಷ್ಟಿವೆ. ಆದರೆ ಆ ಬೀಟು ಎಲ್ಲಿಂದ ಬಂತು, ಹಳ್ಳಿಯ ತಮಟೆಯ ನಡೆಯನ್ನು ಡ್ರಮ್ ಮಷೀನಿಗೆ ಅವರು ಹೇಗೆ ಒಗ್ಗಿಸಿದರು ಎಂದು ಯಾರೂ ಕೇಳಲಿಲ್ಲ. 1995ರ ಸಾಲಿನ ರಾಷ್ಟ್ರಪ್ರಶಸ್ತಿ ಹಂಸಲೇಖರಿಗೆ ಬಂದಾಗ ಕಾರಣ 'ಗಾನಯೋಗಿ ಪಂಚಾಕ್ಷರ ಗವಾಯಿ'. ಗದುಗಿನ ಹಿಂದುಸ್ತಾನಿ ಗವಾಯಿಯ ಬದುಕಿನ ಚಿತ್ರ. ಎಸ್‌ಪಿಬಿಗೂ ಅದೇ ಚಿತ್ರಕ್ಕೆ ಗಾಯನದ ಪ್ರಶಸ್ತಿ ಬಂತು. ರಾಗದಾರಿ ಹಿಡಿದ ಮೇಲೆ ಎಲ್ಲರೂ ಹಂಸಲೇಖರನ್ನು ಒಪ್ಪಿಕೊಂಡರು. 'ಪ್ರೇಮಲೋಕ'ದ ತಪ್ಪನ್ನು ಮನ್ನಿಸಿದ ಹಾಗೆ!

ಗೇಯತೆಯನ್ನೇ ಅನುಮಾನದಿಂದ ನೋಡಿದ ನವ್ಯದ ಮುಖ್ಯ ಕವಿ ಗೋಪಾಲಕೃಷ್ಣ ಅಡಿಗರನ್ನೂ ಕ್ಯಾಸೆಟ್ ಬಿಡಲಿಲ್ಲ. ಅವರು ಹೋಗಿ ಐದು ವರ್ಷಕ್ಕೆ, 1997ರ 'ಅಮೆರಿಕಾ ಅಮೆರಿಕಾ' ಚಿತ್ರದಲ್ಲಿ ಅವರ ಮೋಹನ ಮುರಳಿಯ ಕವಿತೆಗೆ ಮನೋಮೂರ್ತಿ ರಾಗ ಹಾಕಿದರು. ಅಡಿಗರ ಸಂಕಲನ ಮುಟ್ಟದವರಿಗೂ ಆ ಕವಿತೆ ಬಾಯಿಪಾಠವಾಯಿತು.

ಇನ್ನು ಇದೇ ಊರಿನ ಇನ್ನೊಂದು ಕಿವಿ. ದಂಡು ಪ್ರದೇಶದ ಹುಡುಗರು ಅರವತ್ತು ಎಪ್ಪತ್ತರ ದಶಕದಿಂದಲೇ ಎಲೆಕ್ಟ್ರಿಕ್ ಗಿಟಾರ್ ಹಿಡಿದಿದ್ದರು. 'ಹ್ಯೂಮನ್ ಬಾಂಡೇಜ್' ಎಂಬ ಬೆಂಗಳೂರಿನ ತಂಡಕ್ಕೆ ದೇಶದಲ್ಲೆಲ್ಲ ಹೆಸರಿತ್ತು. ಅವರ ಸುದ್ದಿ ಬರೆಯಲು ಕಲ್ಕತ್ತೆಯಿಂದ 'ಜೂನಿಯರ್ ಸ್ಟೇಟ್ಸ್‌ಮನ್' ಎಂಬ ಇಂಗ್ಲಿಷ್ ಪತ್ರಿಕೆ 1967ರಿಂದ ಹತ್ತು ವರ್ಷ ಬಂತು. 1993ರಲ್ಲಿ ಅಲಹಾಬಾದಿನಿಂದ ಅಮಿತ್ ಸೈಗಲ್ 'ರಾಕ್ ಸ್ಟ್ರೀಟ್ ಜರ್ನಲ್' ಹೊರಡಿಸಿದರು. ಭಾರತದ ರಾಕ್ ತಂಡಗಳ ಡೆಮೊ ಕ್ಯಾಸೆಟ್ಟುಗಳಿಗೂ ವಿಮರ್ಶೆ ಬರೆಯಬಹುದು ಎಂದು ತೋರಿಸಿದ್ದು ಅದೇ. ಶ್ರೀಗಂಧದ ಕಾವಲಿನ ನೆರೆಯ ನಾಗರಭಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆಯ ವಿದ್ಯಾರ್ಥಿಗಳು ಬೀಟಲ್ಸ್ ಹಾಡಿನ ಹೆಸರಿಟ್ಟು ನಡೆಸಿದ 'ಸ್ಟ್ರಾಬೆರಿ ಫೀಲ್ಡ್ಸ್' ಸ್ಪರ್ಧೆಗೆ ದೇಶದ ಮೂಲೆಮೂಲೆಯಿಂದ ತಂಡಗಳು ಬರುತ್ತಿದ್ದವು. ಅಲ್ಲಿ ತೀರ್ಪುಗಾರರಿದ್ದರು, ಗೆಲುವು ಸೋಲು ಇತ್ತು, ಚೆನ್ನಾಗಿಲ್ಲದಿದ್ದರೆ ಕೂಗಾಟವೂ ಇತ್ತು. ಶಾಲು ಮಾತ್ರ ಇರಲಿಲ್ಲ.

ಈ ಕಿವಿಗೂ ಒಂದು ಕಿವುಡಿತ್ತು. ತಂಡ ಬಂದ ಕೂಡಲೇ ಯಾರ ಥರ ಇದೆ ಎಂದು ಕೇಳುವುದು. ಪಿಂಕ್ ಫ್ಲಾಯ್ಡ್ ಥರವೇ, ಐರನ್ ಮೇಡನ್ ಥರವೇ? 1996ರಲ್ಲಿ ಹುಟ್ಟಿದ 'ಥರ್ಮಲ್ ಆಂಡ್ ಎ ಕ್ವಾರ್ಟರ್' ತಂಡ 2000ದಲ್ಲಿ ಸ್ವಂತ ಹಾಡುಗಳ ಆಲ್ಬಮ್ ತಂದಿತು, 2005ರ 'ಪ್ಲಾನ್ ಬಿ'ಯನ್ನು ಪುಕ್ಕಟೆಯಾಗಿ ಹಂಚಿತು, ಮುಂದೆ ಆಟೊರಿಕ್ಷಾವನ್ನೇ ನೆಪವಾಗಿಟ್ಟುಕೊಂಡು ಮೂರು ಭಾಗದ ಆಲ್ಬಮ್ಮನ್ನೂ ಮಾಡಿತು. ಬೆಂಗಳೂರಿನ ರಸ್ತೆ, ಮಳೆ, ಕೆಲಸ, ಬೇಸರ ಎಲ್ಲ ಅವರ ಹಾಡಿನಲ್ಲಿದ್ದರೂ ಇಂಗ್ಲಿಷಿನಲ್ಲಿದ್ದ ಕಾರಣ ಕನ್ನಡದ ಕಿವಿಗೆ ಬೀಳಲಿಲ್ಲ. 1998ರಲ್ಲಿ ಶುರುವಾದ 'ಕ್ರಿಪ್ಟೋಸ್' 2004ರಲ್ಲಿ ಮೊದಲ ಆಲ್ಬಮ್ ತಂದು 2013ರಲ್ಲಿ ಜರ್ಮನಿಯ ವಾಕೆನ್ ಹೆವಿ ಮೆಟಲ್ ಉತ್ಸವದ ವೇದಿಕೆ ಹತ್ತಿತು. ಅವರ ಹೊಸ ಆಲ್ಬಮ್ ಬಂದಾಗ ಯುರೋಪಿನ ಮೆಟಲ್ ಪತ್ರಿಕೆಗಳು ಒಂದೊಂದು ಹಾಡನ್ನೂ ಬಿಡಿಸಿ ಬರೆಯುತ್ತವೆ. ತಂಡದ ಸ್ವಂತ ಊರಿನ ಭಾಷೆಯಲ್ಲಿ ಅವರ ಹೆಸರು ಕೇಳಿದವರೇ ಕಡಿಮೆ.

ಹೀಗೆ ಒಂದೇ ಊರಿನಲ್ಲಿ ಎರಡು ಬಗೆಯ ಕೇಳುಗರು. ಒಬ್ಬರಿಗೆ ಮಾತು ಕೇಳಿಸುತ್ತದೆ, ವಾದ್ಯ ಕೇಳಿಸದು. ಇನ್ನೊಬ್ಬರಿಗೆ ವಾದ್ಯ ಕೇಳಿಸುತ್ತದೆ, ಊರಿನ ಮಾತು ಕೇಳಿಸದು. ಇಬ್ಬರೂ ಒಂದೇ ಆಲ್ಬಮ್ಮಿನ ಎದುರು ಕೂರಬೇಕಾಗಿ ಬಂದದ್ದು 2008ರಲ್ಲಿ.

ರಘು ದೀಕ್ಷಿತ್ ಮೈಸೂರಿನ ಹುಡುಗ. ಭರತನಾಟ್ಯ ಕಲಿತವನು, ಮೈಕ್ರೊಬಯಾಲಜಿಯಲ್ಲಿ ಚಿನ್ನದ ಪದಕ ತೆಗೆದವನು, ಗೆಳೆಯನ ಜೊತೆ ಪಂಥ ಕಟ್ಟಿ ಗಿಟಾರ್ ಕಲಿತವನು. 'ಅಂತರಾಗ್ನಿ' ಎಂಬ ತಂಡ ಕಟ್ಟಿ ಒಡೆದು, ಕ್ಯಾಸೆಟ್ ಕಂಪನಿಗಳ ಬಾಗಿಲು ವರ್ಷಗಟ್ಟಲೆ ತಟ್ಟಿದ ಮೇಲೆ ಮುಂಬೈನ ಸಂಗೀತ ನಿರ್ದೇಶಕ ಜೋಡಿ ವಿಶಾಲ್-ಶೇಖರ್ ಹಾಡು ಕೇಳಿ ತಮ್ಮ ಸಂಸ್ಥೆಯಿಂದಲೇ ಆಲ್ಬಮ್ ತಂದರು. ಹೆಚ್ಚಿನ ಹಾಡುಗಳು ಹಿಂದಿ, ಜೊತೆಗೆ ಇಂಗ್ಲಿಷೂ ಇತ್ತು. ನಡುವೆ ಷರೀಫಜ್ಜನ ಎರಡು ತತ್ವಪದ: ಗುಡುಗುಡಿ ಸೇದುವುದು, ಮಾಳಿಗೆ ಸೋರುವುದು. ಅದೇ ವರ್ಷ 'ರೋಲಿಂಗ್ ಸ್ಟೋನ್' ಭಾರತದ ಆವೃತ್ತಿಯೂ ಶುರುವಾಯಿತು. ಇಂಗ್ಲಿಷಿನ ವಿಮರ್ಶಕರಿಗೆ ಹೊಸ ಪುಟವೂ ಸಿಕ್ಕಿತು, ಹೊಸ ವಸ್ತುವೂ ಸಿಕ್ಕಿತು.

ಕನ್ನಡದ ಕಿವಿಗೆ ಈ ಎರಡೂ ಪದ ಹೊಸದಲ್ಲ. ಸುಬ್ಬಣ್ಣ, ಅಶ್ವತ್ಥ್ ಅವರ ಧಾಟಿ ಒಳಗೆ ಅಚ್ಚೊತ್ತಿ ಕೂತಿತ್ತು. 1990ರ 'ಸಂತ ಶಿಶುನಾಳ ಷರೀಫ' ಚಿತ್ರದ ಮೇಲಂತೂ ಆ ಧಾಟಿಯೇ ಷರೀಫನ ಸ್ವಂತದ್ದು ಎಂಬಷ್ಟು ಗಟ್ಟಿಯಾಗಿತ್ತು. ಹಾಗಾಗಿ ಮೊದಲು ಎದ್ದ ಪ್ರಶ್ನೆ ಮತ್ತೆ ಹಳೆಯದೇ: ಷರೀಫನಿಗೆ ಗಿಟಾರ್ ಬೇಕೆ? ಲುಂಗಿ ಉಟ್ಟು ಗೆಜ್ಜೆ ಕಟ್ಟಿ ಕುಣಿದರೆ ತತ್ವಪದದ ತತ್ವ ಉಳಿಯುತ್ತದೆಯೆ? ಹೀಗೆ ಕೇಳಿದವರು ಪಿಟೀಲು, ತಬಲಾ ಸೇರಿದಾಗ ಕೇಳಿರಲಿಲ್ಲ ಎಂಬುದನ್ನು ನೆನೆಯಬೇಕು. ಎರಡು ಧಾಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದರೆ ವ್ಯತ್ಯಾಸ ಬೇರೆ ಕಡೆ ಇದೆ. ಅಶ್ವತ್ಥ್ ಸಾಲಿನಿಂದ ಸಾಲಿಗೆ ದನಿ ಏರಿಸಿ ಅರ್ಥವನ್ನು ಸಭೆಗೆ ಬಡಿಸುತ್ತಾರೆ. ಅದು ಉಪದೇಶದ ಹಾದಿ. ರಘು ದೀಕ್ಷಿತ್ ಮಾಳಿಗೆಯ ಪದದಲ್ಲಿ ತಡೆದು ತಡೆದು ಹೋಗುತ್ತಾರೆ. ಸೋರುವ ಮನೆಯೊಳಗೆ ಒಬ್ಬನೇ ಕೂತವನ ದಣಿವು ಅಲ್ಲಿ ಕೇಳುತ್ತದೆ, ಗುರುವಿನ ಬೋಧೆ ಕೇಳುವುದಿಲ್ಲ. ಗುಡುಗುಡಿಯ ಪದದಲ್ಲಿ ಉಲ್ಟಾ. ಕುಣಿಸುವ ತಾಳದಲ್ಲಿ ಭಜನೆ ಮೇಳದ ಹುರುಪು ವಾಪಸ್ಸು ಬಂದಿದೆ, ಕ್ಯಾಸೆಟ್ ಯುಗದಲ್ಲಿ ಕಳೆದುಹೋಗಿದ್ದ ಹುರುಪು. ನನಗೆ ಮೊದಲಿನದು ಹೆಚ್ಚು ಸರಿಹೋಗಿದೆ ಅನಿಸುತ್ತದೆ. ಎರಡನೆಯದರಲ್ಲಿ ಕುಣಿತ ತುಸು ಜಾಸ್ತಿಯಾಗಿ ಪದದ ಒಗಟು ಜಾರಿಹೋಗುತ್ತದೆ.

ಇಂಥ ಮಾತುಗಳನ್ನು ಆಗ ಕನ್ನ‌ಡ ಪತ್ರಿಕೆಯಲ್ಲಿ ಹುಡುಕಿದರೆ ಸಿಗುವುದು ಅಪರೂಪ. ಸಿಗುವುದು ಸಾಧನೆಯ ಸುದ್ದಿ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ್ದು, 2011ರಲ್ಲಿ ಗ್ಲಾಸ್ಟನ್‌ಬರಿಗೆ ಹೋದದ್ದು, ಅದೇ ವರ್ಷ ಲಂಡನ್ನಿನ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿ, 2012ರಲ್ಲಿ ಎಲಿಜಬೆತ್ ರಾಣಿಯ ವಜ್ರ ಮಹೋತ್ಸವ. ನಮ್ಮ ಹುಡುಗ ಗೆದ್ದ ಎಂಬ ಹೆಮ್ಮೆ ಸಹಜವೇ. ಆದರೆ ಕನ್ನಡ ಬಾರದ ಇಂಗ್ಲೆಂಡಿನ ಕೇಳುಗರಿಗೆ ಗುಡುಗುಡಿಯ ಒಗಟಿನ ಗೊಡವೆಯಿಲ್ಲ. ಅವರು ದನಿ, ತಾಳ, ಪಿಟೀಲು ಗಿಟಾರಿನ ಜುಗಲ್‌ಬಂದಿ, ವೇದಿಕೆಯ ಮೇಲಿನ ಉಲ್ಲಾಸ ಇಷ್ಟನ್ನೇ ತೂಗಿ ಮೆಚ್ಚಿದರು. ನಾವು ಮೂರು ದಶಕ ಕಿವಿಗೊಡದ ಅರ್ಧವನ್ನೇ ಅವರು ಕೇಳಿದ್ದು. ಅವರ ಮೆಚ್ಚುಗೆಯನ್ನು ನಾವು ಸುದ್ದಿ ಮಾಡಿದೆವು, ಯಾಕೆ ಮೆಚ್ಚಿದರು ಎಂದು ಕೇಳಲಿಲ್ಲ. 2013ರಲ್ಲಿ ಎರಡನೆಯ ಆಲ್ಬಮ್ 'ಜಗ್ ಚಂಗಾ' ಬಂದಾಗಲೂ ಅದೇ ಕಥೆ.

ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡುವ 'ಸ್ವರಾತ್ಮ' ತಂಡದ ಆಲ್ಬಮ್ಮುಗಳು 2009, 2012, 2018ರಲ್ಲಿ ಬಂದವು. ಒಂದರಲ್ಲಿ ಕಾವೇರಿ ನದಿಯೇ ಮಾತಾಡುತ್ತಾಳೆ, ಹಿಂದಿಯಲ್ಲಿ! ಕಾವೇರಿಗಾಗಿ ಬಸ್ಸು ನಿಲ್ಲಿಸುವ ಊರಿನಲ್ಲಿ ಇದೊಂದು ದೊಡ್ಡ ವಾಗ್ವಾದವಾಗಬಹುದಿತ್ತು. ಆಗಲಿಲ್ಲ.

ಆ ಹೊತ್ತಿಗೆ ಕ್ಯಾಸೆಟ್ ಅಂಗಡಿಗಳು ಮೊಬೈಲ್ ರೀಚಾರ್ಜ್ ಅಂಗಡಿಗಳಾಗಿದ್ದವು. ಕೌಂಟರಿನ ಹಿಂದಿನ ವಿಮರ್ಶಕ ಹೋಗಿ ಯೂಟ್ಯೂಬಿನ ಲೆಕ್ಕ ಬಂತು. ಎಷ್ಟು ಲಕ್ಷ ನೋಟ ಎಂಬುದೇ ದರ್ಜೆ. ಕನ್ನಡ ರ‍್ಯಾಪ್ ಬೆಳೆದದ್ದು ಈ ಲೆಕ್ಕದ ಮೇಲೆ. ಅಲೋಕ್ ಬಂದರು, ಚಂದನ್ ಶೆಟ್ಟಿ ಬಂದರು. ಶ್ರೀಗಂಧದ ಕಾವಲಿನಂಥ ಬಡಾವಣೆಗಳ ಗಣೇಶನ ಪೆಂಡಾಲಿನಲ್ಲಿ, ನವೆಂಬರಿನ ರಾಜ್ಯೋತ್ಸವದ ಆರ್ಕೆಸ್ಟ್ರಾದಲ್ಲಿ ಭಾವಗೀತೆಯೊಂದು ಮುಗಿದ ಕೂಡಲೇ ಇವರ ಹಾಡು ಶುರುವಾಗತೊಡಗಿತು. ಕುಡಿತವನ್ನು ಮೆರೆಸುತ್ತಾರೆ ಎಂದು ಕೆಲವರು ಗೊಣಗಿದರು. ಆ ಗೊಣಗೂ ಪದಗಳ ಮೇಲೆಯೇ. ಕವಿ ರಾಜರತ್ನಂ ಅವರ ಹೆಂಡಕುಡುಕ ರತ್ನನ ಪದಗಳನ್ನು ಅನಂತಸ್ವಾಮಿ, ಅವರ ಮಗ ರಾಜು ಅನಂತಸ್ವಾಮಿ ಹಾಡಿದಾಗ ಚಪ್ಪಾಳೆ ಹೊಡೆದವರಲ್ಲೂ ಇವರಿದ್ದರು.

2018ರ ಜನವರಿಯಲ್ಲಿ ಚಂದನ್ ಶೆಟ್ಟಿ ಬಿಗ್ ಬಾಸ್ ಕನ್ನಡದ 5ನೇ ಸೀಸನ್ ಗೆದ್ದರು. ಅದೇ ವರ್ಷ, ಕೆಲವು ವರ್ಷ ಹಿಂದೆ ಸಿನಿಮಾವೊಂದಕ್ಕೆ ಅವರು ಮಾಡಿದ್ದ ಗಾಂಜಾ ಕುರಿತ ಹಾಡಿನ ಬಗ್ಗೆ ಬೆಂಗಳೂರಿನ ಸಿಸಿಬಿ ಪೊಲೀಸರು ನೋಟಿಸು ಕೊಟ್ಟು ಕರೆಸಿ ವಿಚಾರಿಸಿದರು. ಅಂತೂ ಒಂದು ಕನ್ನಡ ಪಾಪ್ ಹಾಡಿನ ಸಾಹಿತ್ಯವನ್ನು ಅಧಿಕೃತವಾಗಿ ಪರಿಶೀಲಿಸಿದ ಸಂಸ್ಥೆ ಒಂದಾದರೂ ಸಿಕ್ಕಿತು. ಬೀಟಿನ ಬಗ್ಗೆ ಅವರೂ ಏನೂ ಹೇಳಲಿಲ್ಲ.